ರೇಡಾನ್ ಡಬ್ಬಿಗೆ ಸಿಕ್ಕ ಮರ್ಯಾದೆ

ಆ ಡಬ್ಬಿ ನಮ್ಮ ಮನೆಯ ಯಾವ ಕೋಣೆಯಲ್ಲಿ ತೂಗುತ್ತಿತ್ತು ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಮುಂದಿನ ಹಾಲ್‌ನಲ್ಲಿ ಎಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. “ನೀನೇ ಅದನ್ನ ಕಿತ್ತು ಅಮ್ಮನ ರೂಮಿಗೆ ಹಾಕ್ದೆ ಕಣೋ, ಮರ್ತೋಯ್ತಾ?” ಎನ್ನುತ್ತಾಳೆ. ಅವಳ ಮಾತೇ ನಿಜವಾಗಿದ್ದರೆ ಚೆನ್ನಾಗಿತ್ತು.

ತೊಂಬತ್ತರ ದಶಕದ ಕೊನೆ. ಅಮ್ಮ ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಟೀಚರು. ಮಣ್ಣು, ಕಲ್ಲುಗಳಿಂದ ಏಳುವ ರೇಡಾನ್ ಎಂಬ ಅನಿಲ ಮುಚ್ಚಿದ ಕೋಣೆಗಳಲ್ಲಿ ತುಂಬಿಕೊಂಡು ಶ್ವಾಸಕೋಶ ಕೆಡಿಸುತ್ತದೆ, ಅದನ್ನು ಅಳೆದು ತಗ್ಗಿಸುತ್ತೇವೆ ಎಂದು ಸರ್ಕಾರದ ಕಡೆಯವರು ಶಾಲೆಗೆ ಬಂದರು. ಬಣ್ಣವಿಲ್ಲ, ವಾಸನೆಯಿಲ್ಲ, ಇಲಾಖೆಗೆ ಇದಕ್ಕಿಂತ ಅನುಕೂಲದ ಶತ್ರು ಬೇಕೆ? ಒಳಗೆ ಅನಿಲದ ಗುರುತು ಹಿಡಿಯುವ ಫಿಲ್ಮಿನ ಚೂರು ಇಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಮೂರು ತಿಂಗಳು ನೇತುಹಾಕುವುದು, ಅಷ್ಟೇ ಕೆಲಸ. ಶಾಲೆಯಲ್ಲಿ ಅದಕ್ಕೆ ಸಿಕ್ಕ ಜಾಗ ಹೆಡ್‌ಮಾಸ್ಟರರ ಕೊಠಡಿ, ಫ್ಯಾನಿನ ಪಕ್ಕ. ಬಂದ ಅತಿಥಿಯನ್ನು ಒಳ್ಳೆಯ ಕಡೆ ಕೂರಿಸಬೇಕಲ್ಲ! ಕಳ್ಳರ ಭಯಕ್ಕೆ ಕಿಟಕಿಗಳಿಗೆ ಮೊಳೆ ಜಡಿದಿದ್ದ ತರಗತಿಗಳ ಕಡೆ ಯಾರೂ ತಲೆಹಾಕಲಿಲ್ಲ.

ಟೀಚರುಗಳ ಮನೆಗೂ ಒಂದೊಂದು ಡಬ್ಬಿ ಬಂತು. ಅಮ್ಮನಿಗೆ ಆಗಲೇ ಕೆಮ್ಮು. ಪಕ್ಕದವರು ಗೋಡೆ ಎಬ್ಬಿಸಿದ ಮೇಲೆ ಅವಳು ಮಲಗುವ ಹಿಂದಿನ ಕೋಣೆಯ ಒಂದೇ ಕಿಟಕಿಯೂ ಕುರುಡಾಗಿತ್ತು. ಅಲ್ಲಿನ ಕಡಪ ಕಲ್ಲಿನ ನೆಲದ ಸಂದುಗಳಿಂದ ಇರುವೆ ಸಾಲುಗಟ್ಟಿ ಏಳುತ್ತಿದ್ದವು. ಇರುವೆಗೆ ದಾರಿ ಇರುವಲ್ಲಿ ಅನಿಲಕ್ಕೆ ಇಲ್ಲವೇ? ನಾನಾಗ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಎಲ್ಲರ ತಪ್ಪು ಹುಡುಕುತ್ತಿದ್ದ ಕಾಲ.

“ಡಬ್ಬಿ ನಿನ್ನ ರೂಮಲ್ಲಿ ಇರ್ಬೇಕಮ್ಮ,” ಎಂದೆ.

“ಸುಮ್ನಿರೋ. ಗೌರ್ಮೆಂಟೋರಿಗೆ ಟ್ರಂಕು, ಅಕ್ಕಿ ಡ್ರಮ್ಮು, ಹರಿದ ಹಾಸಿಗೆ ತೋರಿಸ್ಲಾ? ಮಾನ ಹೋಗತ್ತೆ.”

ಡಬ್ಬಿ ತಂದವನು ಹಾಲ್‌ನ ಶೋಕೇಸಿನ ಮೇಲಿನ ಗೋಡೆ ನೋಡಿ, “ಇಲ್ಲೇ ಹಾಕೋಣ ಟೀಚರ್, ಗಾಳಿ ಚೆನ್ನಾಗಿ ಆಡತ್ತೆ,” ಎಂದ.

“ಗಾಳಿ ಆಡೋ ಕಡೆ ಹಾಕಿ ಏನ್ರೀ ಅಳೀತೀರ?” ಎಂದೆ.

“ಸಾರ್ ಬಹಳ ಓದಿದಾರೆ,” ಎಂದು ಅವನು ಅಮ್ಮನ ಕಡೆ ನಕ್ಕ. ಅಮ್ಮ ಅವನಿಗೆ ಕಾಫಿ ತಂದಳು.

“ಸರ್ಕಾರಿ ಸಾಮಾನು, ಮುಟ್ಬೇಡಿ” ಎಂದು ಅವನು ಹೇಳಿಹೋದದ್ದನ್ನು ಅಮ್ಮ ವೇದವಾಕ್ಯ ಮಾಡಿಕೊಂಡಳು. ಹಬ್ಬಕ್ಕೆ ಹಸಿರು ಗೋಡೆಗೆ ಕೆನೆಬಣ್ಣ ಹೊಡೆಯಲು ಬಂದವರಿಗೂ ಡಬ್ಬಿ ಮುಟ್ಟಗೊಡದೆ ಸುತ್ತಲೂ ಹೊಡೆಸಿದಳು. ಇದೂ ನನ್ನ ನೆನಪೇ. ಆ ವರ್ಷ ಬಣ್ಣವನ್ನೇ ಹೊಡೆಸಲಿಲ್ಲ ಎಂಬುದು ಅಕ್ಕನ ವಾದ.

ಮೂರು ತಿಂಗಳಿಗೆ ಡಬ್ಬಿಗಳು ವಾಪಸ್ಸು ಹೋದವು. ಸ್ವಲ್ಪ ಕಾಲದ ಮೇಲೆ ಶಾಲೆಗೂ ಟೀಚರುಗಳ ಮನೆಗಳಿಗೂ ಸೇರಿಸಿ ಒಂದೇ ಉತ್ತರ ಬಂತು: ಭಯವಿಲ್ಲ, ಕಿಟಕಿ ತೆರೆದಿಡಿ. ಮೊಳೆ ಕೀಳಲು ಮಾತ್ರ ಯಾರಿಗೂ ಆದೇಶ ಬರಲಿಲ್ಲ. ರೇಡಾನ್ ತಗ್ಗಿಸುವ ಮಹತ್ಕಾರ್ಯ ಅಲ್ಲಿಗೆ ಸುಸಂಪನ್ನ.

“ನಮ್ಮನೇಲಿ ಏನೂ ಇಲ್ವಂತೆ. ನೀನೊಬ್ಬ ಹೆದರಿಸ್ತಿದ್ದೆ,” ಎಂದು ಅಮ್ಮ ಆ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಮಲಗಿದಳು. ಇವತ್ತಿಗೂ ಅಲ್ಲೇ ಮಲಗುತ್ತಾಳೆ, ಕೆಮ್ಮುತ್ತಾಳೆ. ಕೆಮ್ಮಿಗೆ ರೇಡಾನೇ ಕಾರಣ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. “ಏನೂ ಇಲ್ಲ” ಎಂದದ್ದು ಅವಳ ಕೋಣೆಯ ಬಗ್ಗೆಯೋ ಅಲ್ಲವೋ, ಅಷ್ಟು ನನಗೆ ತಿಳಿಯಬೇಕಿತ್ತು.

ಕಳೆದ ವಾರ ಹೋಗಿ ಹಾಲ್‌ನ ಶೋಕೇಸಿನ ಮೇಲಿನ ಗಡಿಯಾರವನ್ನು ಇಳಿಸಿದೆ. ಆಮೇಲೆ ಯಾರೂ ಮುಟ್ಟದ ಕೆನೆಬಣ್ಣದ ಗೋಡೆಯಲ್ಲಿ, ಮೊಳೆಯ ಕೆಳಗೆ, ಡಬ್ಬಿಯಷ್ಟೇ ಅಗಲಕ್ಕೆ ಹಳೆಯ ಹಸಿರು ಬಣ್ಣ ಹಾಗೇ ಉಳಿದಿತ್ತು.