ಮೊದಲನೇ ಸುತ್ತಿನ ಟೈಟ್ ಎಂಡ್

ಅವರ ಬಲಗೈ ಹೆಬ್ಬೆರಳಿನ ಉಗುರು ಎಂದೋ ಕಾರಿನ ಬಾಗಿಲಿಗೆ ಸಿಕ್ಕಿ ಕಪ್ಪಾಗಿತ್ತು. ಯೋಚನೆ ಮಾಡುವಾಗ ಆ ಉಗುರಿನಿಂದಲೇ ಕಾಫಿಯ ಸ್ಟೀಲ್ ಲೋಟವನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಮ್ಮ ಟೌನ್‌ಹೌಸಿಗೂ ಅವರದ್ದಕ್ಕೂ ನಡುವೆ ಒಂದೇ ಗೋಡೆ. ನನಗೆ ಅವರು ಪಕ್ಕದ್ಮನೆ ಅಂಕಲ್. ನಾವು ಹತ್ತು ಜನ ಕನ್ನಡದವರ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಯಜಮಾನರು.

ಪ್ರತಿ ಆಗಸ್ಟ್ ಕೊನೆಯ ಭಾನುವಾರ ಮಧ್ಯಾಹ್ನ ಅವರ ಗರಾಜಿನಲ್ಲಿ ಡ್ರಾಫ್ಟ್. ಅಮೆರಿಕನ್ ಫುಟ್‌ಬಾಲಿನ ನಿಜವಾದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡು ನಮ್ಮ ನಮ್ಮ ಕಾಗದದ ತಂಡ ಕಟ್ಟುವುದು; ಅವರು ಮೈದಾನದಲ್ಲಿ ಗಳಿಸಿದ್ದೇ ನಮ್ಮ ಅಂಕ. ಹತ್ತೂ ಜನರ ಸರದಿ ಮುಗಿದರೆ ಒಂದು ಸುತ್ತು, ಒಂದೊಂದು ಸರದಿಗೆ ತೊಂಬತ್ತು ಸೆಕೆಂಡು. ಗಂಡನನ್ನು ಒಪ್ಪಿಕೊಳ್ಳುವಾಗಲೂ ನಾನು ಅಷ್ಟು ಯೋಚಿಸಿರಲಿಲ್ಲ. ಟೈಟ್ ಎಂಡ್ ಎನ್ನುವ ಜಾಗಕ್ಕೆ ಗಟ್ಟಿ ಆಟಗಾರರು ಇಬ್ಬರೋ ಮೂವರೋ. ಉಳಿದವರೆಲ್ಲ ಒಂದೇ ತೂಕ. ಟೈಟ್ ಎಂಡನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದೇ ಪ್ರತಿ ವರ್ಷದ ಜಗಳ. ನಾನು ಆತುರಪಟ್ಟರೆ ಅಂಕಲ್ ನಗುತ್ತಿದ್ದರು. "ಒಗ್ಗರಣೆ ಮೊದ್ಲೇ ಹಾಕ್ತಾರೇನಮ್ಮ? ಎಂಟನೇ ರೌಂಡ್ ತನ್ಕ ಕಾಯಿ. ತಾಳಿದವನು ಬಾಳಿಯಾನು."

ಎಂಟನೇ ಸುತ್ತಿಗೆ ಮೊದಲು ಅವರು ಟೈಟ್ ಎಂಡನ್ನು ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಕುತ್ತಿಗೆಯಲ್ಲಿ ಹುಣಸೆಬೀಜದಷ್ಟು ಗಂಟು ಕಾಣಿಸಿಕೊಂಡಿತು. ಡಾಕ್ಟರು ಸ್ಕ್ಯಾನ್ ಮಾಡಿಸಲು ಹೇಳಿ ತಿಂಗಳಾಗಿತ್ತು. ನನಗೆ ಹೆದರಿಕೆ. ಆಫೀಸಿನ ಕೆಲಸದ ನೆಪ ಹೇಳಿಕೊಂಡು ಮುಂದೂಡುತ್ತಿದ್ದೆ, ಗಂಡನಿಗೂ ತಿಳಿಸಿರಲಿಲ್ಲ. ಆಗಸ್ಟ್ ಮೊದಲ ವಾರ ಕಾಫಿಗೆ ಹೋದಾಗ, ನನ್ನ ಕೈ ಪದೇ ಪದೇ ಅಲ್ಲಿಗೇ ಹೋಗುವುದನ್ನು ಅಂಕಲ್ ಗಮನಿಸಿ ಕೇಳಿದರು. ಇದ್ದದ್ದನ್ನು ಹೇಳಿದೆ.

"ಜನವರೀಲಿ ಸೀಸನ್ ಮುಗೀಲಿ ಅಂಕಲ್, ಆಮೇಲೆ ಮಾಡಿಸ್ತೀನಿ. ತಾಳಿದವನು ಬಾಳಿಯಾನು ಅಂತ ನೀವೇ ಹೇಳ್ತೀರಲ್ಲ."

ಲೋಟದ ಮೇಲಿನ ಟಕ್ ಟಕ್ ನಿಂತಿತು. ಅವರು ನನ್ನನ್ನೇ ನೋಡಿದರು. ಅದಾದ ನಾಲ್ಕನೇ ದಿನ ಬೆಳಿಗ್ಗೆ ಹೃದಯಾಘಾತವಾಗಿ ತೀರಿಕೊಂಡರು.

ಡ್ರಾಫ್ಟ್ ನಿಲ್ಲಿಸಬೇಡಿ ಎಂದು ಅವರ ಹೆಂಡತಿ, ಆಂಟಿಯೇ ಹೇಳಿದರು. ಅವರ ತಂಡವನ್ನು ಅಳಿಸಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ. ಆಡುವವರು ಇಲ್ಲದಿದ್ದರೆ, ಗಡುವು ಮುಗಿದ ಮೇಲೆ, ಅವರು ಮೊದಲೇ ಬರೆದಿಟ್ಟ ಪಟ್ಟಿಯಿಂದ ಲೀಗಿನ ಆ್ಯಪ್ ತಾನೇ ಆರಿಸುತ್ತದೆ. ಹಾಗೇ ಬಿಟ್ಟೆವು. ರೂಢಿಯಂತೆ ಯಾರೋ ಅವರ ಲೋಟಕ್ಕೂ ಕಾಫಿ ಬಗ್ಗಿಸಿದ್ದರು.

ನಾಲ್ಕನೇ ಸರದಿ ಅವರದು. ಟಿವಿ ಪರದೆಯ ಮೇಲೆ ತೊಂಬತ್ತರಿಂದ ಸೆಕೆಂಡುಗಳು ಇಳಿಯತೊಡಗಿದವು. ಹೊರಗೆ ಅಷ್ಟು ಬಿಸಿಲಿದ್ದರೂ ಗರಾಜಿನಲ್ಲಿ ನನಗೆ ಚಳಿಯಾಯಿತು. ಖಾಲಿ ಕುರ್ಚಿಯ ಕಡೆಯಿಂದ ಟಕ್ ಎಂದ ಹಾಗಾಯಿತು. ಉಳಿದವರು ತಮಗೇನೂ ಕೇಳಿಸಲಿಲ್ಲ ಎನ್ನುತ್ತಾರೆ, ಇರಬಹುದು. ಸೊನ್ನೆಗೆ ಬಂದಾಗ ಅವರ ಹೆಸರಿನ ಮುಂದೆ ಆಟಗಾರನೊಬ್ಬ ಮೂಡಿದ. ಟೈಟ್ ಎಂಡ್. ಮೊದಲನೇ ಸುತ್ತಿನಲ್ಲಿ.

ಸಿಸ್ಟಮ್ ತಪ್ಪಿರಬೇಕು ಎಂದರು ಒಬ್ಬರು. ತೆರೆದು ನೋಡಿದರೆ ಅವರ ಪಟ್ಟಿಯಲ್ಲಿ ಇದ್ದದ್ದೇ ಆ ಒಂದು ಹೆಸರು.

ಚುರುಮುರಿ ತಂದ ಆಂಟಿ ನನ್ನ ಪಕ್ಕ ಬಂದು ನಿಂತರು. "ಅವತ್ತು ನೀನು ಕಾಫಿ ಕುಡ್ದು ಹೋದ್ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತ್ರು ಕಣಮ್ಮ. ಈ ಸಲ ಮೊದಲ್ನೇ ರೌಂಡಲ್ಲೇ ತಗೋತೀನಿ, ಅವ್ಳು ಯಾಕೆ ಅಂತ ಕೇಳೇ ಕೇಳ್ತಾಳೆ, ಆಗ ಹೇಳ್ತೀನಿ ಅಂದ್ರು."

ಏನು ಹೇಳುತ್ತಾರಂತೆ ಎಂದು ಕೇಳಿದೆ. ಅದನ್ನು ಆಂಟಿಗೂ ಹೇಳಿರಲಿಲ್ಲವಂತೆ.

ನನ್ನ ಸರದಿ ಬಂದಾಗ ನಾನು ಡ್ರೈವ್‌ವೇಯಲ್ಲಿ ನಿಂತು, ಫೋನಿನಲ್ಲಿ ಸ್ಕ್ಯಾನಿಗೆ ಸಮಯ ಗೊತ್ತು ಮಾಡುತ್ತಿದ್ದೆ. ನನ್ನ ಆಟಗಾರನನ್ನೂ ಆ್ಯಪ್ಪೇ ಆರಿಸಿತು.

ಗಂಟು ಕ್ಯಾನ್ಸರಿನದೇ. ಆಪರೇಷನ್ ಆದ ಮೇಲೆ ಸರ್ಜನ್, ಸರಿಯಾದ ಸಮಯಕ್ಕೆ ಬಂದಿರಿ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು. ಪಕ್ಕದ ಮನೆಯ ಅಂಕಲ್ ಕಳಿಸಿದರು ಎಂದೆ. ಅವರು ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು.