ತೊಂಬತ್ತೊಂದು ಎಂಬ ಉತ್ತರ

ನಮ್ಮ ಭಾವ ಗಣಿತದ ಮೇಷ್ಟ್ರು. ದಿನಕ್ಕೊಂದು ತಪ್ಪನ್ನು ಬೇಕೆಂದೇ ಬೋರ್ಡಿನ ಮೇಲೆ ಬರೆಯುವುದು ಅವರ ಪದ್ಧತಿ. ಅದನ್ನು ಹಿಡಿಯಲು ಮಕ್ಕಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದರು. ಮನೆಯಲ್ಲಿ ಮಾತ್ರ ತಪ್ಪು ಮಾಡುವ ಹಕ್ಕನ್ನು ಅಕ್ಕ ಅವರಿಗೆ ಕೊಟ್ಟಿರಲಿಲ್ಲ.

ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಸೋತವು. ಅಷ್ಟಿಷ್ಟು ಚೇತರಿಸಿಕೊಂಡದ್ದೇ ತಡ, ಮತ್ತೆ ಶಾಲೆಗೆ ಹೋಗುವೆನೆಂದು ಹಟ ಹಿಡಿದರು. ಪಾಠವಿಲ್ಲದೆ ಈ ಜೀವ ಯಾಕೆ ಎಂದು ಅಕ್ಕನ ಮುಂದೆ ಅತ್ತರಂತೆ. ಒಂದು ತರಗತಿ ತೆಗೆದುಕೊಳ್ಳಲಿ, ಆಮೇಲೆ ನೋಡೋಣ ಎಂದರು ಹೆಡ್‌ಮೇಡಂ. ಕೈಹಿಡಿದು ಕರೆದೊಯ್ಯುವ ಕೆಲಸ ನನ್ನದಾಯಿತು. ನಾನೂ ಅವರ ಬಳಿ ಗಣಿತ ಕಲಿತವನೇ.

ಹಿಂದಿನ ಬೆಂಚಿನಲ್ಲಿ ಮೇಡಂ, ಪಕ್ಕದಲ್ಲಿ ನಾನು. ಭಾವ ಬೋರ್ಡಿನ ಮೇಲೆ ತ್ರಿಕೋನ ಬರೆದರು: ಬಾಹುಗಳು ಹದಿಮೂರು, ಹದಿನಾಲ್ಕು, ಹದಿನೈದು. ಹದಿನಾಲ್ಕು ಪಾದ. ಪಾದವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ ವಿಸ್ತೀರ್ಣ ಎಂದರು. ದನಿ ಮೊದಲಿನ ಹಾಗೇ ಇತ್ತು, ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಎತ್ತರದ ಜಾಗದಲ್ಲಿ ಹದಿಮೂರು ಬರೆದು ಉತ್ತರ ತೊಂಬತ್ತೊಂದು ಎಂದರು.

ಮಕ್ಕಳು ಹೋ ಎಂದು ಎದ್ದರು. ಅದು ಓರೆ ಬಾಹು, ಎತ್ತರವಲ್ಲ ಎಂದು ಒಬ್ಬಳು ಬೋರ್ಡಿಗೇ ಬಂದು ತುದಿಯಿಂದ ಪಾದಕ್ಕೆ ಲಂಬ ಎಳೆದಳು. ಪಾದದ ಒಂದು ತುಂಡು x, ಇನ್ನೊಂದು ಹದಿನಾಲ್ಕರಲ್ಲಿ x ಕಳೆದದ್ದು. ಎರಡೂ ಕಡೆಯ ಲಂಬಕೋನ ತ್ರಿಕೋನಗಳಿಂದ ಎತ್ತರದ ವರ್ಗ ಬರೆದು ಸಮ ಮಾಡಿದಳು. x ಐದು, ಎತ್ತರ ಹನ್ನೆರಡು, ವಿಸ್ತೀರ್ಣ ಎಂಬತ್ತನಾಲ್ಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವನೂ ನಕ್ಕರು. ಮೇಷ್ಟ್ರ ಹಳೇ ಆಟ ಹೋಗಿಲ್ಲ, ಸೋಮವಾರದಿಂದ ಬರಲಿ ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು.

ಗೇಟಿನ ಹತ್ತಿರ ಭಾವ ನಿಂತರು.

“ಆ ಹುಡುಗಿ ಯಾವುದು ತಪ್ಪು ಅಂದ್ಳು?”

ಎತ್ತರದ ಬದಲು ಓರೆ ಬಾಹು ತೆಗೆದುಕೊಂಡದ್ದು ಎಂದೆ.

“ಎರಡೂ ಒಂದೇ ಅಲ್ವೇನೋ?”

ಸುಳ್ಳು ಹೇಳಬೇಕಿತ್ತೋ ಏನೋ, ಹೊಳೆಯಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. ಕೈಯ ಸೀಮೆಸುಣ್ಣದ ಪುಡಿಯನ್ನು ಪಂಚೆಗೆ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

“ಒಳಗೆ ಹೋಗಿ, ಬರಲ್ಲ ಅಂತ ಮೇಡಂಗೆ ಹೇಳ್ಬಿಟ್ಟು ಬಾ,” ಎಂದರು. “ಮಕ್ಕಳ ಮುಂದೆ ಹೇಳ್ಬೇಡ. ಬೇಕಂತಲೇ ಬರೆದೆ ಅಂದ್ಕೊಂಡಿದಾರೆ ಅವ್ರು.”