ಗಂಟೆ ಉಂಟು, ಹೊಡೆದವನಿಲ್ಲ

"ಅಲೆಕ್, ಊರು ಬಿಟ್ಟವರಿಗೆಲ್ಲ ಪುಸ್ತಕದಲ್ಲಿ ಜಾಗ ಇಲ್ಲ."

ಲ್ಯಾಪ್‌ಟಾಪಿನ ಪರದೆಯಲ್ಲಿದ್ದ ಹೆಂಗಸು ಇದನ್ನು ಎಷ್ಟು ನಯವಾಗಿ ಹೇಳಿದರೆಂದರೆ, ಮಾಸ್ಕಿನೊಳಗೇ ನನಗೆ ಮೈಯೆಲ್ಲ ಉರಿಯಿತು.

ಅಲೆಕ್ ನಮ್ಮ ಕಾಂಡೋದ ಎದುರು ಮನೆಯವರು. ನನ್ನಂತೆಯೇ ಪರದೇಶಕ್ಕೆ ಬಂದು, ಇಲ್ಲಿನ ಬಯಾನ್ ಲೆಪಾಸ್‌ನ ಫ್ಯಾಕ್ಟರಿಯೊಂದರಲ್ಲಿ ದುಡಿದು ರಿಟೈರ್ ಆದ, ಎಪ್ಪತ್ತು ದಾಟಿದ ಸ್ಕಾಟ್ಲೆಂಡಿನ ಅಜ್ಜ. ಲಾಕ್‌ಡೌನಿನಲ್ಲಿ ಹೊತ್ತು ಹೋಗದ ಅವರ ಊರಿನವರು ತಮ್ಮ ಪುಟ್ಟ ಹಳ್ಳಿಯ, ಅಲ್ಲಿನ ಚರ್ಚಿನ ಚರಿತ್ರೆ ಬರೆಯಲು ಹೊರಟಿದ್ದರು. ಅದಕ್ಕೊಂದು ಝೂಮ್ ಮೀಟಿಂಗ್. "ನಂಗೆ ಇದೆಲ್ಲ ಬರಲ್ಲ ಲಾ, ಸ್ವಲ್ಪ ಬಾ ಜೆಸಿಂತಾ" ಎಂದು ಅಲೆಕ್, ಇಲ್ಲಿಯವರ ಹಾಗೆ 'ಲಾ' ಸೇರಿಸಿ, ನನ್ನನ್ನು ಕರೆದರು. (ಎದುರು ಮನೆಗೆ ಹೋಗಲಿಕ್ಕೂ ರೂಲ್ಸ್ ಇದ್ದ ಕಾಲ. ಬಾಗಿಲು ತೆರೆದಿಟ್ಟು ದೂರ ಕುಳಿತೆ.)

ಅಲೆಕ್ ಕೇಳಿದ್ದಾದರೂ ಏನು? ಆ ಚರ್ಚಿನ ಗಂಟೆಯನ್ನು ಜೀವಮಾನವಿಡೀ ಹೊಡೆದವರು ಅವರಪ್ಪ. ಆ ಹೆಸರು ಒಂದು ಸಾಲಿನಲ್ಲಿ ಬರಲಿ, ಅಷ್ಟೇ. ಆದರೆ ಅಪ್ಪ ಸತ್ತ ಮೇಲೆ ಮನೆಯವರು ಚದುರಿಹೋದರು. ಪುಸ್ತಕ ಇರುವುದು ಈಗಲೂ ಊರಲ್ಲಿರುವ ಮನೆತನಗಳಿಗೆ ಮಾತ್ರವಂತೆ!

ಅಲೆಕ್ "ಸರಿ" ಎಂದು ಮೀಟಿಂಗಿನಿಂದ ಹೊರಬರಲು ಕೈ ಚಾಚಿದರು. ನಾನು ಬಿಟ್ಟೇನೇ? ಮಂಗಳೂರಿನ ಕೆಥೋಲಿಕ್ ಹೆಂಗಸು. ಚರ್ಚಿನ ಜಗಳ ಯಾರದ್ದಾದರೂ ಸೈ.

"ನಮ್ಮೂರಲ್ಲಿ ಹೀಗಿಲ್ಲ" ಎಂದು ನಡುವೆ ಬಾಯಿ ಹಾಕಿದೆ. ಮೊಂತಿ ಹಬ್ಬಕ್ಕೆ ನಮ್ಮ ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಪರದೇಶದಲ್ಲಿರುವ ಮಕ್ಕಳಿಗೂ ಅಂಚೆಯಲ್ಲಿ ಹೋಗುತ್ತದೆ. ಈ ವರ್ಷ ವಿಮಾನವೂ ಇಲ್ಲ, ಅಂಚೆಯೂ ಇಲ್ಲ. ಆದರೂ ಅಮ್ಮ ಫೋನಿನಲ್ಲಿ ಹೇಳಿದ್ದೇನು? "ನಿಮ್ಮ ಪಾಲು ಡಬ್ಬದಲ್ಲಿ ಉಂಟು. ಅದಕ್ಕೆ ಯಾರೂ ಕೈ ಹಾಕ್ಲಿಕ್ಕಿಲ್ಲ." ಇಷ್ಟನ್ನೂ ನನ್ನ ಮಂಗಳೂರು ಇಂಗ್ಲಿಷಿನಲ್ಲಿ ಒದರಿದೆ.

"ನೀವ್ಯಾರು?" ಎಂದರು ಆ ಹೆಂಗಸು.

"ಬೇರೆ ಚರ್ಚಿನವಳು. ಊರು ಬಿಟ್ಟವಳು."

ಅಲೆಕ್ ಚಾಚಿದ ಕೈ ಹಿಂದೆ ತೆಗೆದರು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ನನ್ನಪ್ಪನ ಹೆಸರು ಬೇಡ ಅಂದ್ರೆ ಗಂಟೆಯ ವಿಷಯವೂ ಬರೀಬೇಡಿ. ಅದೇನು ತಾನಾಗೇ ಹೊಡ್ಕೊಳ್ತಿತ್ತಾ?"

ಕೊನೆಗೆ, ಪುಸ್ತಕದ ಕಮಿಟಿ ಯೋಚಿಸುತ್ತದಂತೆ. ಯೋಚಿಸಲಿ. ಒಪ್ಪುವವರೆಗೆ ಪ್ರತಿ ಮೀಟಿಂಗಿಗೂ ಬಂದು ಕೂರುತ್ತೇನೆ ಎಂದಿದ್ದಾರೆ ಅಲೆಕ್. ನಾನೂ ಜೊತೆಗಿದ್ದೇನೆ.

ಊರಲ್ಲಿ ಇರುವವರ ಹೆಸರಿಗೆ ರೇಷನ್ ಕಾರ್ಡೇ ಸಾಕು. ಹೋದವರನ್ನು ಬಿಟ್ಟು ಬರೆದದ್ದನ್ನು ಚರಿತ್ರೆ ಅಂತ ಯಾಕೆ ಕರೆಯಬೇಕು, ಸ್ವಾಮಿ?